ಉದ್ದನೆಯ ಫ್ರೇಮು

ಬೆಟ್ಟದ ತುದಿಯಲ್ಲಿ ನಿಂತು ಹೀರೋಯಿನ್ನು ಗಾಳಿಗೆ ಎರಡೂ ಕೈ ಚಾಚುತ್ತಾಳೆ. ಸೆರಗು ಹಾರುತ್ತೆ, ಹಿಂದೆ ಪಿಟೀಲು ಅಳುತ್ತೆ, ನೀವು ಥಿಯೇಟರಿನ ಕತ್ತಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತೀರಿ. ಆ ಹೊತ್ತಿಗೆ ಅವಳ ಕಾಲ ಬುಡದಲ್ಲಿ, ಫ್ರೇಮಿನ ಕೆಳಗೆ, ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ಕಣಕಾಲು ಗಟ್ಟಿಯಾಗಿ ಹಿಡಿದುಕೊಂಡಿರೋಳು ಯಾರು ಅಂದ್ಕೊಂಡಿದ್ದೀರಿ? ನಾನೇ. ದುಲ್ಸಿನ್ ಗೊನ್ಸಾಲ್ವಿಸ್, ಉತ್ತನ್ ಊರಿನವಳು. ಮುಂಬಯಿಯ ಹಿಂದಿ ಸಿನಿಮಾದವರಿಗೆಲ್ಲ ದುಲ್ಸಿ ಆಂಟಿ.

ನನ್ನ ಕೆಲಸ ಕೂದಲು. ಜಡೆ, ತುರುಬು, ಹಣೆಯ ಮೇಲೆ ಬೇಕಂತಲೇ ಬೀಳೋ ಹಾಗೆ ಬಿಡೋ ಎರಡು ಎಳೆ, ಎಲ್ಲ ನಂದು. ಕಾಲು ಹಿಡಿಯೋದೂ ನಿನ್ನ ಕೆಲಸ ಅಂತ ಯಾರೂ ಹೇಳಿದ್ದಲ್ಲ. ಎತ್ತರದಲ್ಲಿ ನಿಲ್ಲಬೇಕಾದಾಗ ಹುಡುಗಿಯರು ಗಂಡಸರ ಕೈಗೆ ಕಾಲು ಕೊಡೋಕೆ ಮುಜುಗರಪಟ್ಟು, "ಆಂಟಿ, ನೀವೇ ಬನ್ನಿ" ಅನ್ನೋರು. ಹೋಗಿ ಕೂರ್ತಿದ್ದೆ. ಬಂಡೆ, ತಾರಸಿ, ದೋಣಿಯ ಮೂತಿ, ರೈಲಿನ ಬಾಗಿಲು. ಪ್ರೇಮ ಅನ್ನೋದು ನಮ್ಮ ಸಿನಿಮಾದಲ್ಲಿ ನೆಲದ ಮೇಲೆ ಆಗೋದೇ ಇಲ್ವಲ್ಲ! ಮೇಲೆ ಅವಳು "ನಿನಗೋಸ್ಕರ ಎಲ್ಲಾ ಬಿಡ್ತೀನಿ" ಅಂತಿದ್ರೆ, ಕೆಳಗೆ ನಾನು ದವಡೆಯಲ್ಲಿ ಎಲೆಅಡಿಕೆ ಒತ್ತಿಕೊಂಡು, "ಏನೂ ಬಿಡಬೇಡ ತಾಯಿ, ನೆಟ್ಟಗೆ ನಿಲ್ಲು" ಅಂತ ಮನಸ್ಸಿನಲ್ಲೇ ಬೈಕೊಳ್ತಿದ್ದೆ. ನನ್ನ ಕೈಯಿಂದ ಒಬ್ಬಳೂ ಜಾರಿರಲಿಲ್ಲ.

ಈಗ ಆ ದೊಡ್ಡ ಪರದೆ ಯಾರಿಗೆ ಬೇಕು ಹೇಳಿ? ಲೋಕಲ್ ಟ್ರೇನಿನಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲು. ಅದನ್ನೂ ಅಡ್ಡ ತಿರುಗಿಸೋಕೆ ಪುರುಸೊತ್ತಿಲ್ಲ, ನೆಟ್ಟಗೆ ಹಿಡಿದುಕೊಂಡೇ ನೋಡ್ತಾರೆ. ಒಂದೊಂದು ಕಂತು ಒಂದು ನಿಮಿಷ, ಹೆಚ್ಚಂದ್ರೆ ಒಂದೂವರೆ. ದಾದರ್‌ನಲ್ಲಿ ಹತ್ತಿದವರು ಬೊರಿವಲಿ ಬರೋದ್ರೊಳಗೆ ಒಂದು ಪ್ರೇಮ, ಒಂದು ಮೋಸ, ಒಂದು ಕಪಾಳಮೋಕ್ಷ, ಒಂದು ಮದುವೆ ಮುಗಿಸಿ ಇಳೀತಾರೆ. ನಾನೇನೂ ಅವರನ್ನ ಆಡಿಕೊಳ್ತಿಲ್ಲ. ಆ ನೂಕುನುಗ್ಗಲಲ್ಲಿ ಅಷ್ಟಾದರೂ ಪ್ರೇಮ ಸಿಗ್ತಲ್ಲ ಅಂತ ನಾನೂ ಮೊದಲು ಅಂದ್ಕೊಂಡೆ. ಹೊಟ್ಟೆಪಾಡೂ ಅಲ್ಲೇ ಇತ್ತು. ದೊಡ್ಡ ಸಿನಿಮಾಗಳು ಕಮ್ಮಿಯಾಗಿ ನಮ್ಮಂಥವರೆಲ್ಲ ಮನೇಲಿ ಕೂತಿದ್ವಿ.

ಹಾಗೆ ಹೋದೆ ಮಢ್‌ಗೆ, ಇಂಥದ್ದೇ ಒಂದು ಮೊಬೈಲು ಕಥೆಗೆ. ಸಮುದ್ರದ ಕಡೆಗಿರೋ ಒಂದು ಹಳೇ ಬಂಗಲೆ, ಶೂಟಿಂಗಿನ ಬಾಡಿಗೆಯಲ್ಲೇ ಬದುಕಿರೋದು. ಡೈರೆಕ್ಟರು ಮಿಹಿರ್ ಸಂಘ್ರಾಜ್ಕಾ. ಅವನು ಮೀಸೆ ಬಲಿಯದ ಅಸಿಸ್ಟೆಂಟ್ ಆಗಿದ್ದಾಗಿಂದ ನನಗೆ ಗೊತ್ತು. ಖಂಡಾಲದ ಕಮರಿಯಂಚಲ್ಲಿ ಒಂದು ಸಲ ನನ್ನ ಪಕ್ಕ ಕೂತು ಹೀರೋಯಿನ್ನಿನ ಇನ್ನೊಂದು ಕಾಲು ಅವನೇ ಹಿಡಿದಿದ್ದ. ಅವತ್ತಿನ ಶಾಟ್‌ನಲ್ಲಿ ಇಬ್ಬರು ಪ್ರೇಮಿಗಳು ಪರದೆಯ ಈ ತುದಿ ಆ ತುದಿ ನಿಂತು ಒಂದು ಮಾತೂ ಆಡದೆ ಒಬ್ಬರನ್ನೊಬ್ಬರು ನೋಡ್ತಾರೆ, ಅಷ್ಟೇ. ಮಿಹಿರ್ ಕೂತಲ್ಲೇ ಅಳ್ತಿದ್ದ. "ನಾನೂ ಇಂಥದ್ದೇ ಮಾಡ್ತೀನಿ ಆಂಟಿ" ಅಂದಿದ್ದ. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ರೆ ನನಗಿಷ್ಟು ಹೊಟ್ಟೆ ಉರೀತಿರಲಿಲ್ಲ.

ಮೊದಲ ದಿನ ನೋಡ್ತೀನಿ, ಕ್ಯಾಮೆರಾವನ್ನ ಮಗ್ಗುಲಿಗೆ ತಿರುಗಿಸಿ ಕಟ್ಟಿದ್ದಾರೆ. ಮಾನಿಟರೂ ಹಾಗೇ, ಕನ್ನಡಿಯ ಥರ ನೆಟ್ಟಗೆ ನಿಂತಿದೆ. ಅದರೊಳಗೆ ಹೀರೋ, ಹೀರೋಯಿನ್ ಇಬ್ಬರೂ ಹಿಡಿಸ್ತಾನೇ ಇಲ್ಲ. ಅವನ ಮುಖ ಬಂದ್ರೆ ಇವಳ ಕಿವಿ ಕಟ್ಟಾಗುತ್ತೆ.

"ಏನಪ್ಪಾ ಮಿಹಿರ್, ಪ್ರೇಮಿಗಳನ್ನ ಒಬ್ಬರ ಬೆನ್ನಿಗೊಬ್ಬರು ರೇಷನ್ ಕ್ಯೂ ಥರ ನಿಲ್ಲಿಸಿದೀಯಲ್ಲ!" ಅಂದೆ.

ನಕ್ಕ. "ಆಂಟಿ, ಮೊದಲು ದೂರ ತೋರಿಸ್ಬೇಕಂದ್ರೆ ಒಬ್ಬರನ್ನ ಆ ಕಡೆ, ಒಬ್ಬರನ್ನ ಈ ಕಡೆ ನಿಲ್ಲಿಸ್ತಿದ್ವಿ. ಈ ಫ್ರೇಮಿಗೆ ಆ ಕಡೆ ಈ ಕಡೆ ಅನ್ನೋದೇ ಇಲ್ಲ. ಇರೋದು ಮೇಲೆ, ಕೆಳಗೆ. ಅವಳನ್ನ ತಾರಸಿ ಮೇಲೆ ಹತ್ತಿಸ್ತೀನಿ, ಅವನನ್ನ ಅಂಗಳದಲ್ಲಿ ನಿಲ್ಲಿಸ್ತೀನಿ. ಅಷ್ಟೂ ಉದ್ದಕ್ಕೆ ವಿರಹ."

ನಾನೂ ನಕ್ಕೆ. ಆಗ ಅದು ತಮಾಷೆಯಾಗೇ ಕೇಳಿಸಿತ್ತು.

ಹೀರೋಯಿನ್ನು ಲೋಪಾ ಸಾಹು, ಒಡಿಶಾದ ಸಂಬಲ್‌ಪುರದ ಹುಡುಗಿ. ಮಾಲ್ವಣಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ಮಂಡಿ ಮುಟ್ಟೋ ಕೂದಲು, ಎಲ್ಲಾ ಅವಳದ್ದೇ. ಬಾಚೋಕೆ ಕೂತ್ರೆ ನನ್ನ ಕೈ ಸೋಲ್ತಿತ್ತು. ಮೊದಲ ದಿನವೇ "ಮೌಸಿ" ಅಂದಳು. ಅವರಲ್ಲಿ ಅಮ್ಮನ ತಂಗಿಗೆ ಹಾಗೇ ಅಂತಾರಂತೆ. ನಾನು ಮನೆಯಿಂದ ಫೂಗ್ಯಾ ಕರಿದು ತಗೊಂಡು ಹೋದ್ರೆ, ಆ ಗುಂಡನೆಯ ಬನ್ನುಗಳನ್ನ ಒಂದಾದ ಮೇಲೊಂದು ಬಾಯಿಗೆ ಹಾಕ್ಕೊಂಡು, "ಮೌಸಿ, ನೀನು ನನ್ನ ದಪ್ಪ ಮಾಡಿ ಕೆಲಸ ಕಳೀತೀಯ" ಅಂತ ಬೈಯೋಳು, ಡಬ್ಬಿ ಮಾತ್ರ ಬಿಡ್ತಿರಲಿಲ್ಲ. ಎತ್ತರ ಅಂದ್ರೆ ಅವಳಿಗೆ ಜೀವ ಹೋಗ್ತಿತ್ತು. ಸ್ಟೂಲಿನ ಮೇಲೆ ನಿಲ್ಲಿಸಿದ್ರೂ ನನ್ನ ಭುಜ ಹಿಡ್ಕೊಳ್ಳೋಳು.

ಇನ್ನೊಬ್ಬಳು ಅನೇರಿ ಮೇಡಂ, ಕಂಪನಿಯ ಕಡೆಯವಳು. ಕೈಯಲ್ಲಿ ಯಾವಾಗಲೂ ಒಂದು ಟ್ಯಾಬ್ಲೆಟ್ಟು. ಅದರೊಳಗೊಂದು ಗೆರೆ. ಜನ ಕಂತು ನೋಡ್ತಾ ಎಲ್ಲಿ ಹೆಬ್ಬೆರಳಿಂದ ಮೇಲಕ್ಕೆ ತಳ್ಳಿ ಮುಂದಕ್ಕೆ ಹೋದ್ರು, ಎಲ್ಲಿ ಬೆರಳು ತಡೆದು ನಿಂತ್ರು, ಎಲ್ಲಾ ಆ ಗೆರೆ ಹೇಳುತ್ತೆ. ಹೀರೋ ಹೀರೋಯಿನ್ ಸುಮ್ಮನೆ ನೋಡ್ಕೊಂಡ್ರೆ ಗೆರೆ ದಡಾರನೆ ಬೀಳ್ತಿತ್ತು. ಹಾಡಿನ ಒಂದು ಸಾಲು ಬಂದ್ರೆ ಬೀಳ್ತಿತ್ತು. ಅವನು ಅವಳ ರಟ್ಟೆ ಹಿಡಿದು ಎಳೆದ್ರೆ ಏಳ್ತಿತ್ತು.

"ನೋಟಕ್ಕೆ ಇಷ್ಟೊತ್ತು ಕೊಡೋಕಾಗಲ್ಲ ಮಿಹಿರ್," ಅನ್ನೋಳು ಅನೇರಿ, ಬಹಳ ಮೆತ್ತಗೆ, ಕಾಯಿಲೆಯವರ ಹತ್ತಿರ ಡಾಕ್ಟರು ಮಾತಾಡೋ ಹಾಗೆ. "ಹೆಬ್ಬೆರಳು ಕಾಯಲ್ಲ."

ಮಿಹಿರ್ ನೋಟ ಕತ್ತರಿಸಿದ. ಆಮೇಲೆ ಹಾಡು ಕತ್ತರಿಸಿದ. ಆಮೇಲೆ ಅವರಿಬ್ಬರೂ ಮೊದಲು ಭೇಟಿಯಾಗಿ ಛತ್ರಿ ಹಂಚಿಕೊಳ್ಳೋ ಒಂದು ಸೀನಿತ್ತು, ನನಗೆ ಬಹಳ ಇಷ್ಟವಾಗಿದ್ದು, ಅದೂ ಹೋಯ್ತು. ಪ್ರೀತಿ ಯಾಕೆ ಹುಟ್ಟಿತು ಅಂತ ತೋರಿಸೋದೇ ಬೇಡವಂತೆ. ಹುಟ್ಟಿಬಿಟ್ಟಿದೆ, ಈಗ ಯಾರು ಸಾಯ್ತಾರೆ ಹೇಳಿ ಅಂತ ಜನ ಕೇಳ್ತಾರಂತೆ.

ಮೊದಲ ತಾರಸಿ ಸೀನು ಬಂದಾಗ ಲೋಪಾ ನಡುಗ್ತಿದ್ದಳು. ತಾರಸಿಯ ಮೋಟು ಗೋಡೆಯ ಮೇಲೆ ಹತ್ತಿ ನಿಲ್ಲಬೇಕು. ಕೆಳಗೆ ಕಲ್ಲುಹಾಸಿನ ಅಂಗಳ. ಫ್ರೇಮಿನಲ್ಲಿ ತಲೆಯಿಂದ ಪಾದದವರೆಗೂ ಕಾಣುತ್ತೆ, ನಾನು ಕೂರೋಕೆ ಕೆಳಗಡೆ ಅನ್ನೋ ಜಾಗವೇ ಉಳಿದಿಲ್ಲ. ಕೊನೆಗೆ ಗೋಡೆಯ ಹೊರಗಡೆ, ಬಿಸಿಲುಮಳೆಗೆ ಅಡ್ಡ ಹಾಕಿರೋ ಕಾಂಕ್ರೀಟಿನ ಚಾಚಿನ ಮೇಲೆ ಇಳಿದು ಕೂತೆ. ಈ ವಯಸ್ಸಲ್ಲಿ! ಅವಳ ಲೆಹಂಗಾದ ಹಿಂದಿನಿಂದ ಎರಡು ಕೈ ಮಾತ್ರ ತೂರಿಸಿ ಕಣಕಾಲು ಹಿಡಿದೆ. ಲೋಪಾ ನಿಂತಳು. ನಿಜಕ್ಕೂ ಹೆದರಿದ್ದಳು, ಅದು ಮುಖದಲ್ಲಿ ಕಾಣ್ತಿತ್ತು. ಶಾಟ್ ಓಕೆ ಆಯ್ತು. ಕೆಳಗಿಳಿದು ನನ್ನನ್ನ ತಬ್ಬಿಕೊಂಡು, "ಮೌಸಿ, ನಿನ್ನ ಕೈ ಇಲ್ಲದಿದ್ರೆ ನಾನು ಸತ್ತೇಹೋಗ್ತಿದ್ದೆ" ಅಂದಳು.

ಆ ಕಂತು ಮೊಬೈಲಿಗೆ ಬಂತು. ಗೆರೆ ನೋಡಿ ಅನೇರಿ ಕುಣಿದಾಡಿದಳು. ಅಷ್ಟು ಎತ್ತರಕ್ಕೆ ಯಾವತ್ತೂ ಎದ್ದಿರಲಿಲ್ಲವಂತೆ. ಒಂದೆರಡು ದಿನ ಕಳೀತು. ಆಮೇಲೆ ಶುರುವಾಯ್ತು ನೋಡಿ.

ಯಾವನೋ ಒಬ್ಬ ಆ ಶಾಟನ್ನ ಅಲ್ಲೇ ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ್ದಾನೆ. ಲೆಹಂಗಾದ ಅಂಚಿನಲ್ಲಿ ನನ್ನ ನಾಲ್ಕು ಬೆರಳು, ನನ್ನ ಗಂಡ ಹಾಕಿದ್ದ ಉಂಗುರ ಸಮೇತ! ಅದಕ್ಕೆ ಕೆಂಪು ಸುತ್ತು ಬರೆದು ಊರಿಗೆಲ್ಲಾ ಹಂಚಿದ್ದಾನೆ. "ಪ್ರೀತಿ ಹಿಡಿದಿರೋದು ಅಜ್ಜಿ", "ಅಜ್ಜಿ ಬಿಡಬೇಡಿ", "ನಕಲಿ ಪ್ರೇಮ, ನಕಲಿ ಸಾವು". ಥಿಯೇಟರಿನಲ್ಲಿ ನನ್ನ ಬೆರಳು ಎಷ್ಟು ಸಲ ಬಂದಿತ್ತೋ ಆ ದೇವರಿಗೇ ಗೊತ್ತು. ಅಲ್ಲಿ ಯಾರಾದರೂ ಪರದೆ ಹತ್ತಿರ ಹೋಗಿ ಹಿಗ್ಗಿಸಿ ನೋಡ್ತಾರಾ? ಮೊಬೈಲು ಹಾಗಲ್ಲ, ಅಂಗೈಯಲ್ಲಿರೋದನ್ನ ಜನ ಹೇನು ನೋಡಿದ ಹಾಗೆ ನೋಡ್ತಾರೆ.

ನಾನು ಮೊದಲು ನಕ್ಕೆ. ಉತ್ತನ್‌ನಲ್ಲಿ ನನ್ನ ತಂಗಿಯ ಮಕ್ಕಳು "ಆಂಟಿ, ಫೇಮಸ್ ಆಗಿಬಿಟ್ರಿ" ಅಂತ ರೇಗಿಸಿದ್ರು. ಆದರೆ ಲೋಪಾ ನಗಲಿಲ್ಲ. ಮೇಕಪ್ ಕೋಣೆಯಲ್ಲಿ ಕನ್ನಡಿ ಮುಂದೆ ಕೂತು ಒಂದೊಂದೇ ಕಾಮೆಂಟು ಓದ್ತಿದ್ದಳು. ಹಿಂದೆ ನಿಂತು ಕೂದಲು ಬಾಚ್ತಿದ್ದ ನನಗೂ ಕಾಣಿಸ್ತಿತ್ತು.

"ಮುಚ್ಚಿಡು ಅದನ್ನ," ಅಂದೆ. "ಕೆಲಸ ಇಲ್ಲದವರು ಬರೀತಾರೆ."

"ಕೆಲಸ ಇಲ್ಲದವರಲ್ಲ ಮೌಸಿ, ನನ್ನನ್ನ ನೋಡೋರು ಇವರೇ," ಅಂದಳು. "ನಾನು ನಿಜವಾಗ್ಲೂ ಹೆದರಿದ್ದೆ, ಗೊತ್ತಾ? ನಿಜವಾಗ್ಲೂ. ನಿನ್ನ ಬೆರಳು ಕಂಡಿದ್ದಕ್ಕೆ ಅದೂ ನಕಲಿ ಆಗೋಯ್ತು."

ಅವಳು ಬೈದಿದ್ರೆ ಸಹಿಸ್ತಿದ್ದೆ. ಅದು ಬೈಗುಳವಲ್ಲ, ಏನನ್ನೋ ಒಳಗೊಳಗೇ ಲೆಕ್ಕ ಹಾಕ್ತಿರೋ ದನಿ.

ಅಲ್ಲಿಂದ ಮುಂದೆ ಕಥೆ ಪೂರ್ತಿ ತಾರಸಿ ಹತ್ತಿಬಿಡ್ತು. ಅವನು ಮುನಿಸಿಕೊಂಡ್ರೆ ಇವಳು ತಾರಸಿಗೆ. ಅವನ ಅಮ್ಮ ಬೈದ್ರೆ ತಾರಸಿಗೆ. ಅವನು ಬೇರೆಯವಳ ಜೊತೆ ಮಾತಾಡಿದ್ರೆ ತಾರಸಿಗೆ. ಪ್ರೀತಿಸ್ತೀಯೋ ಇಲ್ಲವೋ ಅಂತ ಕೇಳೋಕೆ ಅವಳಿಗೆ ಬೇರೆ ಜಾಗವೇ ಇಲ್ಲ. ಪ್ರತಿ ಕಂತೂ ಅವಳು ಅಂಚಿನಲ್ಲಿ ನಿಂತಲ್ಲಿಗೆ ಮುಗೀಬೇಕು, ಮುಂದಿನ ಕಂತಲ್ಲಿ ಇಳೀಬೇಕು. ಮತ್ತೆ ಹತ್ತಬೇಕು. ನಾನು ಫ್ರೇಮಿನ ಪಕ್ಕದಲ್ಲಿ ನಿಲ್ಲೋಕೆ ಶುರು ಮಾಡಿದೆ. ಈ ಫ್ರೇಮು ಎಷ್ಟು ಉದ್ದವೋ ಅಷ್ಟೇ ಇಕ್ಕಟ್ಟು, ಒಂದು ಮೊಳ ಪಕ್ಕಕ್ಕೆ ನಿಂತ್ರೆ ಕಾಣಲ್ಲ. "ಅಲ್ಲಾಡಿದ್ರೆ ನನ್ನ ಕಡೆ ಬೀಳು, ಆ ಕಡೆ ಬೀಳಬೇಡ" ಅಂತ ಹೇಳಿಕೊಟ್ಟಿದ್ದೆ. ಅವಳ ಕಾಲುಗಳು ದಿನದಿಂದ ದಿನಕ್ಕೆ ನಡುಗೋದು ಕಮ್ಮಿಯಾಯ್ತು. ಧೈರ್ಯ ಬಂತು ಅಂತ ಎಲ್ಲರೂ ಹೊಗಳಿದ್ರು. ನನಗೆ ಅದು ಧೈರ್ಯದ ಥರ ಕಾಣಲಿಲ್ಲ. ಭಯ ಇದ್ದಿದ್ರೆ ಅದೂ ನನ್ನ ಜೊತೆ ಒಂದು ಕೈ ಹಿಡಿದಿರ್ತಿತ್ತು.

ಕೊನೆಯ ಕಂತಿನ ಹಿಂದಿನ ಕಂತು. ಅದನ್ನ ತೆಗೆಯೋ ದಿನ ಸಮುದ್ರದಿಂದ ಗಾಳಿ ಬೆಳಗಿಂದಲೇ ಎದ್ದಿತ್ತು. ತೆಂಗಿನ ಗರಿಗಳು ಒಂದೇ ಸಮನೆ ಬಡಿದುಕೊಳ್ತಿದ್ವು. ಸಂಜೆ ಬಿಸಿಲು ಕೆಂಪಾಗೋ ಹೊತ್ತಿಗೆ ಶಾಟ್. ಮಿಹಿರ್ ವಿವರಿಸಿದ: ಲೋಪಾ ಕೆಳಗೆ ಚಾಚಿಲ್ಲದ ಕಡೆಯ ಮೋಟುಗೋಡೆಯ ಮೇಲೆ ನಿಲ್ಲಬೇಕು, ಹಿಂದೆ ಬರೀ ಆಕಾಶ. ಹೊರಳಿ ಕ್ಯಾಮೆರಾ ನೋಡಿ, "ಇನ್ನೊಂದು ಸಲ ಕರಿ, ಬರ್ತೀನಿ" ಅನ್ನಬೇಕು. ಆಮೇಲೆ ಗೋಡೆಯ ಮೇಲೇ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಫ್ರೇಮಿನಿಂದ ಹೊರಗೆ ಹೋಗಬೇಕು. ಖಾಲಿ ಆಕಾಶ ಉಳೀಬೇಕು. ಹಾರಿದಳೋ, ಇಳಿದಳೋ? ಅಲ್ಲಿಗೆ ಕಂತು ಮುಗೀತು.

"ಪಕ್ಕದಲ್ಲಿ ನಾನಿರ್ತೀನಿ," ಅಂದೆ. "ಆ ಹೆಜ್ಜೆ ನನ್ನ ಕೈಗೇ ಇಡು."

ರಿಹರ್ಸಲ್ ಮಾಡಿದ್ವಿ. ನಿಂತಳು, ಮಾತಾಡಿದಳು, ಹೆಜ್ಜೆ ಇಟ್ಟಳು, ನಾನು ಸೊಂಟ ಹಿಡಿದು ಇಳಿಸಿಕೊಂಡೆ. ಸರಿಯಾಗೇ ಬಂತು. ಅಷ್ಟರಲ್ಲಿ ಬಿಸಿಲು ತಗಲದ ಹಾಗೆ ಮಾನಿಟರಿಗೆ ಹೊದಿಸಿದ್ದ ಕಪ್ಪು ಬಟ್ಟೆಯೊಳಗಿಂದ ಅನೇರಿ ತಲೆ ಹೊರಗೆ ಹಾಕಿದಳು.

"ಆಂಟಿಯ ನೆರಳು ಬೀಳ್ತಿದೆ."

ಹೌದು, ಇಳಿಬಿಸಿಲಿಗೆ ನನ್ನ ನೆರಳು ಉದ್ದಕ್ಕೆ ಚಾಚಿ ಲೋಪಾಳ ಸೀರೆಯ ಮೇಲೆ ಬೀಳ್ತಿತ್ತು. ನಾನು ಬಗ್ಗಿದೆ, ಕೂತೆ. ಕೂತ್ರೂ ನೆರಳು.

"ಬಿದ್ರೆ ಬೀಳ್ಲಿ ಬಿಡಮ್ಮ! ನೆರಳು ಬಿದ್ರೆ ಏನೀಗ?"

"ಹಿಗ್ಗಿಸಿ ನೋಡ್ತಾರೆ ಆಂಟಿ. ಹೋದ ಸಲ ಆಗಿದ್ದು ಗೊತ್ತಲ್ಲ. ಮತ್ತೆ ಅಜ್ಜಿ ಅಂತ ಬಂದ್ರೆ ಕೊನೆ ಕಂತು ಯಾರೂ ನೋಡಲ್ಲ."

ಸೊಂಟಕ್ಕೆ ಕಟ್ಟೋ ಬೆಲ್ಟು, ತಂತಿ ತರಿಸಿದ್ರು. ಕಟ್ಟಿದ್ರೆ ತೆಳ್ಳನೆ ಸೀರೆಯಲ್ಲಿ ಗಂಟು ಎದ್ದು ಕಾಣ್ತಿತ್ತು. ಕಂಪ್ಯೂಟರಿನಲ್ಲಿ ಅಳಿಸೋಕೆ ಟೈಮಿಲ್ಲ, ನಾಳೆ ಬೆಳಿಗ್ಗೆಯೇ ಕಂತು ಹೋಗಬೇಕು. ಬೆಲ್ಟನ್ನ ಬಿಚ್ಚಿ ನೆಲಕ್ಕೆ ಹಾಕಿದ್ದು ಯಾರು ಗೊತ್ತಾ? ಲೋಪಾಳೇ.

"ಬೇಡ ಸರ್, ಹಾಗೇ ಮಾಡ್ತೀನಿ," ಅಂದಳು.

ಮಿಹಿರ್‌ನ ತೋಳು ಹಿಡಿದು ನೀರಿನ ಟ್ಯಾಂಕಿನ ಮರೆಗೆ ಎಳೆದುಕೊಂಡು ಹೋದೆ. "ನಿನಗೇನು ಬುದ್ಧಿ ಗಿದ್ಧಿ ಇದೆಯೇನೋ? ಗಾಳಿ ನೋಡು! ಖಂಡಾಲ ಮರೆತುಬಿಟ್ಯಾ? ಅವತ್ತು ಆ ಹುಡುಗಿ ಕಾಲು ಒಂದು ಚೂರು ಅಲ್ಲಾಡಿದ್ದಕ್ಕೆ ನಿನ್ನ ಮುಖ ಸುಣ್ಣ ಆಗಿತ್ತು!"

"ಆಂಟಿ, ಒಂದೇ ಟೇಕು," ಅಂದ. ನನ್ನ ಕಣ್ಣು ನೋಡಲಿಲ್ಲ. "ಲೈಟಿನ ಶಿವಬಚನ್ ದಾದಾನ ಆ ಕಡೆ ನಿಲ್ಲಿಸ್ತೀನಿ. ಆ ಕಡೆ ನೆರಳು ಬೀಳಲ್ಲ. ಆಯ್ತಾ?"

"ಆ ಕಡೆ ನಿಲ್ಲಿಸಿದ್ರೆ ಅವಳು ಹೆಜ್ಜೆ ಇಡೋ ಕಡೆ ಯಾರಿರ್ತಾರೆ?"

ಅವನು ತಿರುಗಿ ಕ್ಯಾಮೆರಾದ ಕಡೆ ನಡೆದುಬಿಟ್ಟ. ನನ್ನ ಹತ್ತಿರ ಒಂದೇ ದಾರಿ ಉಳಿದಿತ್ತು. ಕಥೆಯಲ್ಲಿ ಅವಳು ಹಿಂದಿನ ಶಾಟ್‌ನಲ್ಲಿ ಎತ್ತಿ ಕಟ್ಟಿದ ತುರುಬಲ್ಲಿ ಇದ್ದಾಳೆ. ರಿಹರ್ಸಲ್‌ನಲ್ಲಿ ಅದು ಗಾಳಿಗೆ ಸಡಿಲವಾಗಿತ್ತು, ಮತ್ತೆ ಕಟ್ಟಬೇಕು. ನಾನು ಹೇರ್‌ಪಿನ್ನಿನ ಡಬ್ಬಿ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕೂತೆ.

"ನಾನು ತುರುಬು ಕಟ್ಟಲ್ಲ. ಅದೇನು ಮಾಡ್ಕೋತೀರೋ ಮಾಡ್ಕೊಳ್ಳಿ. ಬಿಸಿಲು ಹೋಗೋವರೆಗೂ ಕಟ್ಟಲ್ಲ."

ಇಷ್ಟು ವರ್ಷದಲ್ಲಿ ಕೆಲಸ ನಿಲ್ಲಿಸಿದ್ದು ಅದೇ ಮೊದಲು. ಮಿಹಿರ್ ಬಿಸಿಲು ನೋಡ್ತಾನೆ, ನನ್ನ ನೋಡ್ತಾನೆ. ಇನ್ನೊಂದು ಸ್ವಲ್ಪ ಹೊತ್ತು ಹಿಡಿದಿಟ್ಟಿದ್ರೆ ಸೂರ್ಯ ಮುಳುಗ್ತಿದ್ದ, ಕಂತು ತಡವಾದ್ರೂ ಆ ಶಾಟ್ ನಾಳೆಗೆ ಹೋಗ್ತಿತ್ತು. ನಾಳೆಗೆ ಗಾಳಿ ನಿಂತಿರ್ತಿತ್ತು, ಅಥವಾ ಸೊಂಟದ ಬೆಲ್ಟು ಮುಚ್ಚೋ ಸೀರೆ ಬರ್ತಿತ್ತು. ಮಾತೆ ಮರಿಯಳನ್ನ ನೆನೆಸಿಕೊಂಡು ಕೂತೇ ಇದ್ದೆ.

ಲೋಪಾ ನನ್ನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು. ಸಿಟ್ಟೂ ಇತ್ತು.

"ನೀವು ಯಾಕೆ ಹೀಗೆ ಮಾಡ್ತಿದ್ದೀರ?" ಅವತ್ತೇ ಮೊದಲ ಸಲ ನನ್ನನ್ನ ನೀವು ಅಂದಳು. "ನಿಮ್ಮ ಬೆರಳಿಂದ ಒಂದು ಸಲ ಎಲ್ಲರೂ ನನ್ನ ನೋಡಿ ನಕ್ಕಿದ್ದಾರೆ. ಸಾಕು. ಇವತ್ತು ನಾನು ನಿಜವಾಗಿ ನಿಂತಿರ್ತೀನಿ. ಹಿಗ್ಗಿಸಿ ನೋಡ್ಲಿ. ಎಷ್ಟು ಬೇಕಾದ್ರೂ ಹಿಗ್ಗಿಸಿ ನೋಡ್ಲಿ."

"ಲೋಪಾ, ಮಗಳೇ, ಯಾರೋ ಟ್ರೇನಲ್ಲಿ ನಿಂತು ನೋಡೋರಿಗೋಸ್ಕರ..."

"ಅವರಿಗೋಸ್ಕರ ಅಲ್ದೆ ಇನ್ಯಾರಿಗೋಸ್ಕರ ಮೌಸಿ?"

ಅಂದವಳೇ ತಲೆಗೆ ಕೈ ಹಾಕಿ ಪಿನ್ನುಗಳನ್ನ ಒಂದೊಂದಾಗಿ ಕಿತ್ತು ನನ್ನ ಮಡಿಲಿಗೆ ಹಾಕಿದಳು. ಮಂಡಿಯವರೆಗಿನ ಕೂದಲು ಬಿಚ್ಚಿಕೊಂಡು ಗಾಳಿಗೆ ಎದ್ದು ನಿಂತಿತು. ಅನೇರಿ ಉಸಿರೆಳೆದುಕೊಂಡಳು. "ಅಯ್ಯೋ, ಮಿಹಿರ್, ನೋಡಿ! ಇದೇ! ಫ್ರೇಮಿನ ಉದ್ದಕ್ಕೂ ಕೂದಲು!"

ಶಾಟ್ ನಿಲ್ಲಿಸೋಕೆ ಅಂತ ನಾನು ಕೂದಲು ಕಟ್ಟಲಿಲ್ಲ. ಆ ಕೂದಲೇ ಅವರಿಗೆ ಹಬ್ಬವಾಯ್ತು. ಎದ್ದು ಹೋಗಿ ಅದನ್ನ ಎರಡೂ ಕೈಯಲ್ಲಿ ಬಾಚಿ ಹಿಡಿದೆ. "ಇದು ಕಣ್ಣಿಗೆ ಬೀಳುತ್ತೆ ಕಣೇ! ಕಾಲಿಟ್ಟಿದ್ದು ಕಾಣಲ್ಲ! ಕಟ್ತೀನಿ, ಕೂತ್ಕೋ, ಈಗಲೇ ಕಟ್ತೀನಿ!" ಅಂದೆ. ಅವಳು ಕೊಸರಿಕೊಂಡಳು. ನಾನು ಬಿಡಲಿಲ್ಲ. ಆಗ ಮಿಹಿರ್ ಕೂಗಿದ, ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದು ಸಲವೂ ದನಿ ಎತ್ತದವನು.

"ಆಂಟಿ! ಕೆಳಗೆ ಹೋಗಿ. ದಯವಿಟ್ಟು ತಾರಸಿಯಿಂದ ಇಳಿದು ಹೋಗಿ."

ಲೈಟಿನ ಹುಡುಗರಿಬ್ಬರು ನನ್ನ ತೋಳು ಹಿಡಿದು ಮೆಟ್ಟಿಲಿನವರೆಗೂ ಬಿಟ್ಟರು. ಬಾಗಿಲು ಹಾಕಿಕೊಂಡ ಸದ್ದಾಯ್ತು, ತಾರಸಿಯ ಕಡೆಯಿಂದ ಚಿಲಕ. ನಾನು ಬಾಗಿಲು ಗುದ್ದಿದೆ. "ಶಿವಬಚನ್! ಅವಳು ಹೆಜ್ಜೆ ಇಡೋ ಕಡೆ ನಿಲ್ಲೋ!" ಅಂತ ಕಿರುಚಿದೆ.

ಮೆಟ್ಟಿಲು ಇಳಿದು ಅಂಗಳಕ್ಕೆ ಓಡಿದೆ. ಅಲ್ಲಿಂದ ತಲೆ ಎತ್ತಿದ್ರೆ ಮೋಟುಗೋಡೆ ಕಾಣುತ್ತೆ. ಒಂದು ಹಾಸಿಗೆಯಾದರೂ ಎಳೆದು ಹಾಕೋಣ ಅಂತ ಸುತ್ತ ನೋಡಿದೆ. ಅಂಗಳದಲ್ಲಿ ಇದ್ದಿದ್ದು ಪ್ಲಾಸ್ಟಿಕ್ ಕುರ್ಚಿಗಳು, ಊಟದ ಪಾತ್ರೆಗಳು. ಹೀರೋ ತನ್ನ ವ್ಯಾನಿನಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ದ. ಮೇಲಿನಿಂದ "ಸೈಲೆನ್ಸ್" ಅಂತ ಕೇಳಿಸಿತು. ಜನರೇಟರಿನವನೂ ಬೀಡಿ ಕೆಳಗಿಟ್ಟು ಸುಮ್ಮನಾದ. "ರೋಲಿಂಗ್" ಅಂದ್ರು.

ಲೋಪಾ ಗೋಡೆ ಹತ್ತಿದಳು. ಕೆಳಗಿನಿಂದ ನೋಡಿದ್ರೆ ಅವಳ ಬೆನ್ನು, ಕೂದಲು, ಕೆಂಪು ಆಕಾಶ. ನಡುಗ್ತಿರಲಿಲ್ಲ. ಮರದ ಥರ ನಿಂತಿದ್ದಳು. ಮಾತು ಹೇಳಿದಳು, ಗಾಳಿಯಲ್ಲಿ ಅರ್ಧ ಕೇಳಿಸಿತು. ಆಮೇಲೆ ಹೆಜ್ಜೆ ಎತ್ತಿದಳು. ಅಷ್ಟರಲ್ಲೇ ಗಾಳಿ ತಿರುಗಿತು. ಆ ಕೂದಲೆಲ್ಲಾ ಒಂದೇ ಸಲಕ್ಕೆ ಅವಳ ಮುಖದ ಮೇಲೆ ಬಿತ್ತು, ಕಪ್ಪು ಬಟ್ಟೆ ಹೊದಿಸಿದ ಹಾಗೆ. ಕೈ ಎತ್ತಿ ಅದನ್ನ ಸರಿಸೋಕೆ ಹೋದಳು. ಕಾಲು ಗೋಡೆಯ ಅಂಚಿನಾಚೆ ಇಳೀತು.

ಕೂಗಲೂ ಇಲ್ಲ ಆ ಹುಡುಗಿ. ಶಾಟ್ ನಡೀತಿತ್ತಲ್ಲ.

ಕಲ್ಲುಹಾಸಿನ ಮೇಲೆ ಆದ ಸದ್ದು ಮೇಲಿನವರಿಗೂ ಕೇಳಿಸಿತಂತೆ. ತೆಂಗಿನಕಾಯಿ ಬಿತ್ತು ಅಂದ್ಕೊಂಡ್ರಂತೆ. ಕ್ಯಾಮೆರಾದವನು ತನ್ನ ಚಿಕ್ಕ ಪರದೆ ನೋಡ್ತಿದ್ದ. ಮಿಹಿರ್, ಅನೇರಿ ಇಬ್ಬರೂ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಮಾನಿಟರು ನೋಡ್ತಿದ್ರು. ಅವರ ಪರದೆಯಲ್ಲಿ ಹೀರೋಯಿನ್ ಹೇಳಿದ ಹಾಗೇ ಪಕ್ಕಕ್ಕೆ ಹೆಜ್ಜೆ ಇಟ್ಟು ಫ್ರೇಮಿನಿಂದ ಹೋಗಿದ್ದಾಳೆ, ಖಾಲಿ ಆಕಾಶ ಉಳಿದಿದೆ. ಎಲ್ಲಾ ಸರಿಯಾಗಿದೆ. ಶಿವಬಚನ್ ದಾದಾನ ಎಲ್ಲೂ ನಿಲ್ಲಿಸಿರಲಿಲ್ಲ, ಕೆಂಪು ಬಿಸಿಲು ಹೋಗಿಬಿಡುತ್ತೆ ಅನ್ನೋ ಗಡಿಬಿಡಿಯಲ್ಲಿ ಮರೆತಿದ್ರು.

"ಯೇಸುವೇ! ಬನ್ರೋ! ಬಿದ್ದಳು! ಬನ್ರೋ!" ಅಂತ ಕೂಗಿದೆ.

ಮೇಲಿನಿಂದ ಯಾರೋ ಗದರಿಸಿದ್ರು. "ಯಾರ್ರೀ ಕೆಳಗೆ? ಟೇಕ್ ನಡೀತಿದೆ, ಸೈಲೆನ್ಸ್!"

ಓಡಿ ಹೋಗಿ ಅವಳ ಪಕ್ಕ ಕೂತೆ. ಕೂದಲು ಸರಿಸಿದೆ. ಕಣ್ಣು ತೆರೆದಿತ್ತು, ನನ್ನನ್ನ ಗುರುತು ಹಿಡಿದಳು. ಕಿವಿಯಿಂದ ರಕ್ತ ಇಳಿದು ನನ್ನ ಕೈಯೆಲ್ಲಾ ಬಿಸಿಯಾಯ್ತು. ಜನರೇಟರಿನವನು ಗೇಟಿನ ಕಡೆ ಓಡ್ತಿದ್ದ, ಗಾಡಿ ಗಾಡಿ ಅಂತ ಅರಚ್ತಿದ್ದ. ಲೋಪಾ ಒಂದು ಬೆರಳೂ ಅಲ್ಲಾಡಿಸದೆ ಬಿದ್ದಿದ್ದಳು. ಅಲ್ಲಾಡೋಕೆ ಆಗ್ತಿಲ್ಲ ಅಂದ್ಕೊಂಡೆ. ತುಟಿ ಮಾತ್ರ ಸರಿದಾಡಿತು. ಬಗ್ಗಿ ಕಿವಿ ಇಟ್ಟೆ.

"ಮೌಸಿ," ಅಂದಳು, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ. "ಕಟ್ ಅಂದ್ರಾ?"

ಮೇಲೆ ಇನ್ನೂ ಟೇಕ್ ನಡೀತಿತ್ತು. ಗಾಳಿಯಲ್ಲಿ ಮಿಹಿರ್‌ನ ದನಿ ತೇಲಿಬಂತು, ಖಂಡಾಲದಲ್ಲಿ ಅತ್ತಾಗ ಇದ್ದಂಥ ಗದ್ಗದ ದನಿ: "ಇರ್ಲಿ, ಇರ್ಲಿ... ಖಾಲಿ ಆಕಾಶ... ಯಾರೂ ಅಲ್ಲಾಡಬೇಡಿ, ಹಾಗೇ ಹಿಡೀರಿ..."

ಕಟ್ ಅನ್ನೋ ಮಾತನ್ನ ಡೈರೆಕ್ಟರು ಬಿಟ್ಟು ಇನ್ನೊಬ್ಬರು ಹೇಳೋ ಹಾಗಿಲ್ಲ. ಮನೆಗೆ ಬೆಂಕಿ ಬಿದ್ದರೂ ನಾವು ಯಾರೂ ಹೇಳಿದವರಲ್ಲ. ನಾನು ತಲೆ ಎತ್ತಿ, ಎದೆ ಬಿರಿಯೋ ಹಾಗೆ ಕೂಗಿದೆ.

"ಕಟ್! ಕಟ್! ಕಟ್!"

ಲೋಪಾಳ ಭುಜ ಸಡಿಲವಾಯ್ತು. ಸಾಕು ಅನ್ನೋ ಹಾಗೆ ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆಯಲಿಲ್ಲ.

ಮೇಲೆ ಕಪ್ಪು ಬಟ್ಟೆ ಸರಿಸಿದ ಸದ್ದಾಯ್ತು. ಆಮೇಲೆ ಸಿಟ್ಟಿನಿಂದ ಒಡೆದುಹೋಗಿದ್ದ ಮಿಹಿರ್‌ನ ದನಿ.

"ಯಾರದು? ಯಾರ್ರೀ ಅದು ಕಟ್ ಅಂದಿದ್ದು?"